ಘನತೆಯ ಮೇಜು

ಮನುಷ್ಯಕುಲದ ಮುಂದೆ ಆಗಾಗ ಕೆಲವು ದೊಡ್ಡ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಯುದ್ಧವೋ ಶಾಂತಿಯೋ, ಆತ್ಮ ಉಂಟೋ ಇಲ್ಲವೋ, ಸತ್ತ ಮೇಲೆ ಏನು ಗತಿ, ಇಂಥವು. ನಮ್ಮ ಪ್ರಾರ್ಥನಾ ಮಂದಿರದ ಸೇವಾ ಸಮಿತಿಯ ಮುಂದೆ ಆ ವರ್ಷ ಬಂದು ನಿಂತದ್ದು ಇವೆಲ್ಲಕ್ಕಿಂತ ಭಾರವಾದ ಪ್ರಶ್ನೆ: ಸೂಪಿನ ಸೌಟು ಯಾರ ಕೈಯಲ್ಲಿರಬೇಕು? ಸಭೆ ಸೇರಿತು, ಮುರಿಯಿತು, ಮತ್ತೆ ಸೇರಿತು. ಉಪಸಮಿತಿ ಹುಟ್ಟಿತು. ಒಬ್ಬರು ಕಣ್ಣೀರು ಹಾಕಿದರು. ಇನ್ನೊಬ್ಬರು ಮನನೊಂದು ಮಂದಿರದ ಗಾಯನ ಬಳಗಕ್ಕೇ ರಾಜೀನಾಮೆ ಕೊಟ್ಟರು. ಅವರ ಕಂಠ ಬಲ್ಲವರು ಇದನ್ನು ಸೌಟಿನ ಮೊದಲ ಪವಾಡವೆಂದು ಕರೆದರು.

ಸೌಟು ಆಗ ನಮ್ಮ ದೊಡ್ಡಮ್ಮನ ಕೈಯಲ್ಲಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳಿಗೆ ಬೈಯಲು ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೆ. ನಾನು ಸಾಲದೆಹೋದಾಗ ಅವಳು ಸೇವೆಗೆ ಇಳಿದಳು. ಮಂದಿರದ ನೆಲಮಾಳಿಗೆಯಲ್ಲಿ ವಾರಕ್ಕೆ ಕೆಲವು ಸಂಜೆ, ಮನೆಮಠವಿಲ್ಲದೆ ಬೀದಿಯಲ್ಲಿ ಮಲಗುವವರಿಗೆ ಊಟ. ಪಕ್ಕದ ಓಣಿಯಿಂದ ಇಳಿಯುವ ಕಲ್ಲಿನ ಮೆಟ್ಟಿಲು, ಬೆನ್ನಿಲ್ಲದ ಬೆಂಚುಗಳು, ಹೊಟ್ಟೆ ನೆಗ್ಗಿದ ಅಲ್ಯೂಮಿನಿಯಂ ಹಂಡೆ, ಅದರಲ್ಲಿ ಬೇಳೆ, ಕ್ಯಾರೆಟ್ಟು, ಆಲೂಗಡ್ಡೆ ಹಾಕಿ ಕುದಿಸಿದ ಸೂಪು. ಹಂಡೆಯ ಹಿಂದೆ ದೊಡ್ಡಮ್ಮ. ಅವಳ ಪಕ್ಕದಲ್ಲಿ ಬ್ರೆಡ್ಡು ಕೊಯ್ಯುತ್ತ ನಾನು. ಎದುರಿಗೆ ಸಾಲು.

ದೊಡ್ಡಮ್ಮನ ಸೇವೆಗೆ ಒಂದು ಕಟ್ಟಳೆಯಿತ್ತು. ಬಟ್ಟಲು ಒಡ್ಡಿದವರು ಮೊದಲು 'ದೇವರು ದೊಡ್ಡವನು' ಅನ್ನಬೇಕು. ಅಂದ ಮೇಲೆಯೇ ಸೌಟು ಹಂಡೆಗೆ ಇಳಿಯುವುದು. ಹಸಿದವನ ಬಾಯಲ್ಲಿ ದೇವರು ಎಷ್ಟು ದೊಡ್ಡವನಾಗಿ ಬರುತ್ತಾನೆ ಎಂಬುದರ ಮೇಲೆ ಆಲೂಗಡ್ಡೆಯ ಹೋಳು ನಿರ್ಧಾರವಾಗುತ್ತಿತ್ತು. ಜೊತೆಗೆ ತಲೆಗೊಂದು ಬೈಗುಳ ಉಚಿತ. "ಕೂದಲು ನೋಡು, ಕಾಗೆ ಗೂಡು ಕಟ್ಟಿ ಮರಿ ಮಾಡಿ ಹೋಗಿದೆ." "ನಿನ್ನೆ ಯಾಕೆ ಬರಲಿಲ್ಲ? ಬೇರೆ ಕಡೆ ಔತಣ ಇತ್ತಾ?" "ಆ ಕೆಮ್ಮಿಗೆ ಔಷಧಿ ತಗೋ ಅಂದಿದ್ದೆ, ತಗೊಂಡ್ಯಾ? ಮುಖ ನೋಡು, ಸುಳ್ಳು ಹೇಳೋಕೂ ಬರಲ್ಲ."

ಸಾಲಿನ ಮೊದಲಿಗ ಯಾವಾಗಲೂ ಮಹಾರಾಜ. ಕೆಡವಿದ ನಾಟಕಶಾಲೆಯೊಂದರ ಕೆಂಪು ಮಖಮಲ್ಲಿನ ಪರದೆಯನ್ನು ಹೊದ್ದು, ಮುಚ್ಚಿದ ಚಪ್ಪಲಿ ಅಂಗಡಿಯ ಮುಂದೆ ಮಲಗುತ್ತಿದ್ದುದರಿಂದ ಆ ಹೆಸರು. ಅವನು ಬಟ್ಟಲು ಒಡ್ಡಿ, ಕಣ್ಣು ಮುಚ್ಚಿ, ಮಂದಿರದ ಉಪದೇಶಕರಿಗಿಂತ ಗಂಭೀರವಾಗಿ ಹೇಳುತ್ತಿದ್ದ:

"ದೇವರು ದೊಡ್ಡವನು. ಸೌಟು ಚಿಕ್ಕದು."

"ನಾಲಿಗೆ ಸೀಳಿಬಿಡ್ತೀನಿ," ಅನ್ನುತ್ತ ದೊಡ್ಡಮ್ಮ ಸೌಟು ತುಂಬ ಹಾಕುತ್ತಿದ್ದಳು.

ಅವನ ಹಿಂದೆ ಮೂಟೆ ಅಕ್ಕ. ಅವಳ ಮೂಟೆಗಳಲ್ಲಿ ಏನಿದೆಯೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡಮ್ಮ ಒಮ್ಮೆ ಕೇಳಿದ್ದಕ್ಕೆ, "ನಿಮ್ಮ ಬೀರುವಿನಲ್ಲಿ ಏನಿದೆ, ನಾನು ಕೇಳಿದೀನಾ?" ಎಂದು ಉತ್ತರ ಬಂದಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ದೊಡ್ಡಮ್ಮನ ಬಲಗೈ ನಡುಗುತ್ತಿತ್ತು. ದೊಡ್ಡಪ್ಪ ತೀರಿಕೊಂಡ ವರ್ಷವೇ ಶುರುವಾದದ್ದು. ಮನೆಯಲ್ಲಿ ಲೋಟಕ್ಕೆ ಅರ್ಧವೇ ಚಹಾ. ಅದೂ ಬಾಯಿಗೆ ಮುಟ್ಟುವುದರೊಳಗೆ ತಟ್ಟೆಗೆ, ಸೀರೆಗೆ, ನನಗೆ ಪಾಲಾಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೊಡ್ಡಮ್ಮ, "ಈಗಿನ ಲೋಟಗಳೇ ಸರಿಯಿಲ್ಲ, ಹಿಡಿದ್ರೆ ನೆಟ್ಟಗಿರಲ್ಲ," ಅನ್ನುತ್ತಿದ್ದಳು. ವೈದ್ಯರು ವಯಸ್ಸು ಅಂದರು. ಅವಳು ಅವರನ್ನೂ ಲೋಟಗಳ ಪಟ್ಟಿಗೆ ಸೇರಿಸಿದಳು.

ಆದರೆ ನೆಲಮಾಳಿಗೆಯಲ್ಲಿ ಆ ಕೈ ನಡುಗುತ್ತಿರಲಿಲ್ಲ. ಕುದಿಯುವ ಸೂಪು ತುಂಬಿದ ಉದ್ದ ಹಿಡಿಯ ಸೌಟು ಹಂಡೆಯಿಂದ ಎದ್ದು, ಬಟ್ಟಲಿನ ಮೇಲೆ ಬಂದು, ಒಂದು ಹನಿ ಆಚೆ ಹೋಗದಂತೆ ಬಗ್ಗುತ್ತಿತ್ತು. ಪ್ರತಿ ಸಂಜೆಯೂ ಹಾಗೆಯೇ. ದೊಡ್ಡಮ್ಮ ಇದನ್ನು ಮೊದಲು ನನಗೆ ಹೇಳಿದಳು, ಆಮೇಲೆ ಉಪದೇಶಕರಿಗೆ, ಆಮೇಲೆ ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ.

"ಮನೇಲಿ ನಡುಗೋ ಕೈ ಅಲ್ಲಿ ನಡುಗಲ್ಲ. ಯಾರ ಕೃಪೆ ಅದು, ಹೇಳು ನೋಡೋಣ? ನಿಮ್ಮ ದೊಡ್ಡಪ್ಪ ಹೋದಾಗ ಆ ದೇವರ ಜೊತೆ ಮಾತೇ ಬಿಟ್ಟಿದ್ದೆ, ಗೊತ್ತಲ್ಲ? ಈಗ ದಿನಾ ಬಂದು ನನ್ನ ಕೈ ಹಿಡೀತಾನೆ. ಇದಕ್ಕಿಂತ ಸಾಕ್ಷಿ ಬೇಕಾ?"

ಅಂದಿನಿಂದ ಅವಳ ಬೆಳಗಿನ ಪ್ರಾರ್ಥನೆ ಮತ್ತೆ ಶುರುವಾಯಿತು. ಕೆಲಸಕ್ಕೆ ಬಾರದ ಹಾಲಿನವನನ್ನು ತರಾಟೆಗೆ ತೆಗೆದುಕೊಳ್ಳುವ ಧಾಟಿಯ ಪ್ರಾರ್ಥನೆ ಅದು. ಆದರೂ ಪ್ರಾರ್ಥನೆಯೇ. ಉಪದೇಶಕರಂತೂ ನಡುಗದ ಕೈಯನ್ನು ತಮ್ಮ ಪ್ರವಚನಕ್ಕೆ ಎತ್ತಿಕೊಂಡರು. ಅವರಿಗೆ ಬಹಳ ದಿನಗಳಿಂದ ಹೊಸ ಪವಾಡ ಸಿಕ್ಕಿರಲಿಲ್ಲ.

ಬಟ್ಟಲು ಒಡ್ಡುವಾಗ ಸಾಲಿನವರು ಒಬ್ಬೊಬ್ಬರೂ ದೊಡ್ಡಮ್ಮನ ಕೈ ಮುಟ್ಟುತ್ತಿದ್ದರು. ಎಲ್ಲರೂ ನೋಡುತ್ತಿದ್ದ ವಿಷಯ ಅದು. ಭಕ್ತಿ ಅಂದಳು ದೊಡ್ಡಮ್ಮ. "ಏ, ಕೈ ತೆಗಿ!" ಎಂದು ಗದರುತ್ತಿದ್ದಳು, ಗದರುವಾಗ ಮುಖ ಅರಳುತ್ತಿತ್ತು. "ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದೊಂದು ಬಾಕಿ," ಎಂದು ಮನೆಗೆ ಬಂದು ಹೇಳುತ್ತಿದ್ದಳು. ಸಾಲಿನ ಬದಿಗೆ ಹೋಗಿ ನಿಂತು ನೋಡುವಷ್ಟು ಪುರುಸೊತ್ತು ನಮಗೆ ಯಾರಿಗೂ ಇರಲಿಲ್ಲ. ನಾವು ಸೇವೆಯಲ್ಲಿದ್ದೆವು.

ಸಮಿತಿಯ ಅಧ್ಯಕ್ಷರು ಮಾತ್ರ ಅದನ್ನು ಬೇರೆ ಕಣ್ಣಿಂದ ನೋಡಿದರು. ಅವರು ಸೇತುವೆ ಕಟ್ಟಿ ನಿವೃತ್ತರಾದ ಎಂಜಿನಿಯರು. ಅವರಿಗೊಬ್ಬ ಸೊಸೆ. ಆಕೆ ಬೆಟ್ಟದ ಮೇಲಿನ ಒಂದು ಸಹಾನುಭೂತಿ ಶಿಬಿರಕ್ಕೆ ಹೋಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುವುದನ್ನು ಕಲಿತು ಬಂದಿದ್ದಳು. ಆಕೆ ಹಾಗೆ ವಾಲಿಸಿದರೆ ಎದುರಿನವರಿಗೆ ತಮ್ಮ ಕಿವಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎನಿಸುತ್ತಿತ್ತು. ಕಲಿತ ವಿದ್ಯೆ ಪ್ರಯೋಗಿಸಲು ಆಕೆಗೆ ಸೌಟು ಬೇಕಿತ್ತು. ಬಾಯಿ ಬಿಟ್ಟು ಕೇಳುವುದು ಶಿಬಿರದ ಪಾಠಕ್ಕೆ ವಿರುದ್ಧ. ಆದ್ದರಿಂದ ಮಾವನವರು ಕೇಳಿದರು.

"ಸ್ಪರ್ಶದ ಸಮಸ್ಯೆ ಇದೆ," ಎಂದು ಸಭೆಯಲ್ಲಿ ಅವರು ಶುರುಮಾಡಿದರು. "ಅತಿಥಿಗಳು ಸೇವಕರ ಕೈ ಹಿಡೀತಾರೆ. ಅದು ಘನತೆಗೆ ಕುಂದು."

"ಅತಿಥಿ ಅಂದ್ರೆ ಯಾರು?" ಕೇಳಿದಳು ದೊಡ್ಡಮ್ಮ.

"ಸಾಲಿನಲ್ಲಿ ನಿಲ್ಲುವವರು, ಅಮ್ಮಾ. ಈಗ ಹಾಗೇ ಕರೀಬೇಕು," ಅಂದಳು ಸೊಸೆ, ತಲೆ ವಾಲಿಸಿ.

"ಅತಿಥೀನ ಯಾರಾದರೂ ಹಿತ್ತಲ ಮೆಟ್ಟಿಲಿಂದ ಇಳಿಸ್ತಾರಾ? ಹೋಗಲಿ. ಯಾರ ಘನತೆಗೆ ಕುಂದು?"

"ಇಬ್ಬರದ್ದೂ," ಅಂದರು ಅಧ್ಯಕ್ಷರು. ಆಮೇಲೆ, ನಿಖರತೆಯ ಅಭ್ಯಾಸವಿದ್ದವರಾದ್ದರಿಂದ, "ಮುಖ್ಯವಾಗಿ ನಮ್ಮದು," ಅಂದರು.

"ಅವರು ಮುಟ್ಟೋದು ನನ್ನ ಕೈಯನ್ನ. ನಿಮ್ಮದನ್ನಲ್ಲ. ನಿಮ್ಮದನ್ನ ಯಾರೂ ಮುಟ್ಟಲ್ಲ, ಅದೇ ನಿಮ್ಮ ಸಮಸ್ಯೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೌಟು ದೊಡ್ಡಮ್ಮನ ಬಳಿಯೇ ಇರಲಿ, ಆದರೆ ನಡುವೆ ಒಂದು ಮೇಜು ಬರಲಿ ಎಂದು ತೀರ್ಮಾನವಾಯಿತು. ಅಧ್ಯಕ್ಷರೇ ನಕ್ಷೆ ಹಾಕಿದರು. ಬದುಕಿಡೀ ಈ ದಡಕ್ಕೂ ಆ ದಡಕ್ಕೂ ಗಂಟು ಹಾಕಿದ ಮನುಷ್ಯ, ಮುದಿ ವಯಸ್ಸಿನಲ್ಲಿ ಒಂದು ನದಿಯನ್ನೇ ನಿರ್ಮಿಸಿದರು. ಎಷ್ಟೇ ಉದ್ದ ತೋಳಿನವನು ಬಾಗಿದರೂ ಆ ಬದಿಯ ಕೈ ಈ ಬದಿಗೆ ತಾಕದಷ್ಟು ಅಗಲ. ಬಟ್ಟಲು ಇಡಲು ನಡುವೆ ಹಸಿರು ಬಣ್ಣದ ಒಂದು ವೃತ್ತ. ಅತಿಥಿ ಬಟ್ಟಲನ್ನು ವೃತ್ತದಲ್ಲಿಟ್ಟು ಹಿಂದೆ ಸರಿಯಬೇಕು, ಸೇವಕರು ಬಡಿಸಬೇಕು, ಅತಿಥಿ ಮುಂದೆ ಬಂದು ಎತ್ತಿಕೊಳ್ಳಬೇಕು. ಇದಕ್ಕೆ 'ಘನತೆಯ ಮೇಜು' ಎಂದು ಹೆಸರಿಟ್ಟವಳು ಸೊಸೆ. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಅನ್ನುತ್ತಾರೆ. ನಮ್ಮವರು ಎಷ್ಟು ದೂರ ನಿಂತು ಬಡಿಸಬೇಕು ಎಂಬುದನ್ನು ಗಾದೆ ಮಾಡಿದವರು ಯೋಚಿಸಿರಲಿಲ್ಲ.

ಉದ್ಘಾಟನೆಯ ಸಂಜೆ ಮೇಜಿಗೆ ಬಿಳಿ ಹಾಸು ಹಾಸಿದ್ದರು. ಉಪದೇಶಕರು ಸಾಲನ್ನು ಕಾಯಿಸಿ ನಡುಗದ ಕೈಯ ಬಗ್ಗೆ ಮಾತಾಡಿದರು. "ಮುಪ್ಪಿನಲ್ಲಿ ನಡುಗುವ ಈ ಕೈ ಬಡವರ ಮುಂದೆ ಮಾತ್ರ ನಡುಗುವುದಿಲ್ಲ. ಅದನ್ನು ಹಿಡಿದವನು ಯಾರು?"

ಸಾಲಿನಲ್ಲಿ ಮಹಾರಾಜ ಜೋರಾಗಿ ಕೆಮ್ಮಿದ. ಮೂಟೆ ಅಕ್ಕ ಅವನ ಬೆನ್ನಿಗೆ ಗುದ್ದಿದಳು. ಆ ಗುದ್ದಿನಲ್ಲಿ ಕೆಮ್ಮಿನ ಚಿಕಿತ್ಸೆಗಿಂತ ಹೆಚ್ಚಿನದೇನೋ ಇತ್ತು.

ಮಹಾರಾಜ ಬಂದು ಬಟ್ಟಲನ್ನು ವೃತ್ತದಲ್ಲಿಟ್ಟ. ಹಿಂದೆ ಸರಿಯಲಿಲ್ಲ. "ದೇವರು ದೊಡ್ಡವನು," ಅಂದ. ಸೌಟಿನ ಗಾತ್ರದ ಬಗ್ಗೆ ಆವತ್ತು ಏನೂ ಹೇಳಲಿಲ್ಲ.

ದೊಡ್ಡಮ್ಮ ಸೌಟು ಅದ್ದಿ ಎತ್ತಿದಳು. ಹಂಡೆಯ ಬಾಯಿ ದಾಟಿದ್ದೇ ತಡ, ಕೈ ನಡುಗಿತು. ಮೊದಲು ಸಣ್ಣಗೆ, ಆಮೇಲೆ ಮೊಣಕೈವರೆಗೆ. ಸೂಪು ಬಿಳಿ ಹಾಸಿನ ಮೇಲೆ, ಬ್ರೆಡ್ಡಿನ ಮೇಲೆ, ಅಧ್ಯಕ್ಷರ ಬೂಟಿನ ಮೇಲೆ ಬಿತ್ತು. ಅವಳು ಹಲ್ಲು ಕಚ್ಚಿ ಮತ್ತೆ ಅದ್ದಿದಳು. ಈ ಸಲ ಸೌಟಿನಲ್ಲಿ ಉಳಿದದ್ದು ಒಂದು ಕ್ಯಾರೆಟ್ಟಿನ ಚೂರು. ಅದು ಬಟ್ಟಲಿನ ಅಂಚಿಗೆ ಬಂದು ಸ್ವಲ್ಪ ಯೋಚಿಸಿ ಹೊರಗೇ ಬಿತ್ತು. ಎದುರಿನಿಂದ ಮಹಾರಾಜನ ಕೈ ಅವಳ ಮಣಿಕಟ್ಟಿನ ಕಡೆಗೆ ಚಾಚಿತು. ಅವನು ಹೊಟ್ಟೆಯನ್ನು ಮೇಜಿನ ಮೇಲೆ ಹೇರಿ, ಕಾಲ್ಬೆರಳ ಮೇಲೆ ನಿಂತು, ಇದ್ದಷ್ಟೂ ತೋಳನ್ನು ಚಾಚಿದ. ತಾಕಲಿಲ್ಲ. ಅಧ್ಯಕ್ಷರ ಲೆಕ್ಕ ತಪ್ಪಿರಲಿಲ್ಲ.

ಆಗ ಸೊಸೆ ಬಂದು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಸೌಟನ್ನು ತೆಗೆದುಕೊಂಡಳು.

"ಅಮ್ಮಾ, ನೀವು ಎಷ್ಟು ದಣಿದಿದ್ದೀರಿ. ನೀವು ಅಲ್ಲಿ ಕೂತು ಆಶೀರ್ವಾದ ಮಾಡಿ, ಸಾಕು."

ಉಪದೇಶಕರು ಛಾವಣಿಯನ್ನು ಪರಿಶೀಲಿಸುತ್ತಿದ್ದರು. ಪವಾಡಗಳು ಹೀಗೆ ನಡುವೆ ಕೈಕೊಟ್ಟಾಗ ಅವರು ಸಾಮಾನ್ಯವಾಗಿ ಹಾಗೆ ಮಾಡುತ್ತಾರೆ.

ದೊಡ್ಡಮ್ಮ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಬಲಗೈಯನ್ನು ಎಡಗೈಯಿಂದ ಮಡಿಲಿಗೆ ಒತ್ತಿ ಹಿಡಿದಿದ್ದಳು. ಮಹಾರಾಜ ತನ್ನ ಬಟ್ಟಲು ತಂದು ಅವಳ ಪಕ್ಕದಲ್ಲೇ ಕೂತು ಉಣ್ಣತೊಡಗಿದ. ನಾನು ಬ್ರೆಡ್ಡಿನ ನೆಪದಲ್ಲಿ ಹತ್ತಿರ ಹೋದೆ.

"ಬಿಟ್ಟುಬಿಟ್ಟ ನೋಡು," ಅಂದಳು ದೊಡ್ಡಮ್ಮ, ಯಾರಿಗೋ. "ಎಲ್ಲರ ಮುಂದೆ ಕೈ ಬಿಟ್ಟುಬಿಟ್ಟ."

"ಯಾರು?" ಕೇಳಿದೆ ನಾನು.

"ಯಾರು ಅಂದ್ರೆ? ಇಷ್ಟು ದಿನ ಹಿಡಿದವನು."

"ನಾನೆಲ್ಲಿ ಬಿಟ್ಟೆ? ಎಟುಕಲಿಲ್ಲ," ಅಂದ ಮಹಾರಾಜ, ಬ್ರೆಡ್ಡು ಅದ್ದುತ್ತ.

ದೊಡ್ಡಮ್ಮ ತಿರುಗಿ ನೋಡಿದಳು.

"ನೀನೇನು ಹೇಳ್ತಿದ್ದೀಯ?"

"ಅಯ್ಯೋ ಅಮ್ಮಾ, ದೇವರೇ ಬಂದು ಹಿಡೀತಾನೆ ಅನ್ಕೊಂಡಿದ್ರಾ? ಪಾಪ, ಅವನಿಗೆ ಬೇರೆ ಕೆಲಸ ಇರುತ್ತೆ ಅಂತ ನಾವೇ ಹಿಡಿದ್ವಿ. ಮೊದಮೊದಲು ಒಂದ್ಸಲ ನನ್ನ ಮುಂಗೈ ಮೇಲೆ ಸುರಿದ್ರಿ, ನೆನಪಿದ್ಯಾ? 'ಬಟ್ಟಲು ನೆಟ್ಟಗೆ ಹಿಡಿ, ಕತ್ತೆ' ಅಂತ ನನಗೇ ಬೈದ್ರಿ. ಬಟ್ಟಲು ನೆಟ್ಟಗೇ ಇತ್ತು. ಆವತ್ತಿಂದ ಒಂದು ಕೈಲಿ ಬಟ್ಟಲು, ಇನ್ನೊಂದು ಕೈಲಿ ನೀವು."

"ನೀನೊಬ್ಬನೇ?"

"ಎಲ್ಲರೂ. ಹೊಸಬರಿಗೆ ಮೂಟೆ ಅಕ್ಕ ಮೆಟ್ಟಿಲ ಮೇಲೆ ಪಾಠ ಮಾಡ್ತಾಳೆ."

"ಭಕ್ತಿಯಿಂದ ಅಲ್ವಾ?"

"ಬಿಸಿ ಸೂಪಮ್ಮ ಅದು. ಭಕ್ತಿ ಆಮೇಲೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನಿಮ್ಮನ್ನ ತೆಗೆದು ಅವಳನ್ನ ಹಾಕ್ತಿದ್ರು." ಅವನು ಗಲ್ಲದಿಂದ ಸೊಸೆಯ ಕಡೆ ತೋರಿಸಿದ. "ಅವಳು ನಗ್ತಾಳೆ. ಎಲ್ಲಿ ನೋಡಿ ನಗ್ತಾಳೆ ನೋಡಿ, ನಮ್ಮ ತಲೆ ಮೇಲೆ ಒಂದು ಗೇಣು. ನೀವು ಬೈತೀರಿ. ಬೈಯೋಕೆ ಮುಖ ನೋಡಲೇಬೇಕಲ್ಲ."

ದೊಡ್ಡಮ್ಮ ಎದ್ದು ನಿಂತಳು. ಮುಖ ಕೆಂಡವಾಗಿತ್ತು. "ನನ್ನ ಮೇಲೆ ದಯೆ ತೋರಿಸೋಕೆ ನೀವು ಯಾರು?"

"ಮತ್ತೆ ಯಾರ ಮೇಲೆ ತೋರಿಸೋಣ?" ಮಹಾರಾಜ ನಿಜಕ್ಕೂ ಯೋಚಿಸಿದ. "ಅಧ್ಯಕ್ಷರ ಮೇಲಾ?"

ಅವಳು ಮನೆಗೆ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮನೆ ನಿಶ್ಶಬ್ದವಾಗಿತ್ತು. ಹೋಗಿ ನೋಡಿದರೆ ದೊಡ್ಡಮ್ಮ ಅರ್ಧ ಲೋಟ ಚಹಾವನ್ನು ಮುಂದಿಟ್ಟುಕೊಂಡು, ಕುಡಿಯದೆ, ಕೂತಿದ್ದಳು.

"ಪ್ರಾರ್ಥನೆ ಮಾಡಲ್ವಾ ದೊಡ್ಡಮ್ಮ?"

"ಯಾರಿಗೆ? ಕೈ ಹಿಡಿದವನ ವಿಳಾಸ ಸಿಕ್ತಲ್ಲ. ಚಪ್ಪಲಿ ಅಂಗಡಿ ಮುಂದಿನ ಫುಟ್‌ಪಾತು."

ನಗಬೇಕಾದ ಮಾತು. ಆದರೆ ಅವಳ ಗಲ್ಲ ಕೈಗಿಂತ ಹೆಚ್ಚು ನಡುಗುತ್ತಿತ್ತು. ಗಂಡ ಹೋದಾಗ ಒಮ್ಮೆ ದೇವರನ್ನು ಕಳೆದುಕೊಂಡು, ಸೌಟಿನ ತುದಿಯಲ್ಲಿ ಮತ್ತೆ ಪಡೆದಿದ್ದಳು. ಈಗ ಅವನ ಬೆರಳುಗಳೆಂದು ನಂಬಿದ್ದು ಉಗುರಿನಲ್ಲಿ ಕೊಳೆ ತುಂಬಿದ ಬೆರಳುಗಳಾಗಿದ್ದವು. ಎರಡನೆಯ ಸಲ ಕಳೆದುಕೊಂಡದ್ದನ್ನು ಹುಡುಕಲು ಅವಳಿಗೆ ವಯಸ್ಸಿರಲಿಲ್ಲ.

ನೆಲಮಾಳಿಗೆಯಲ್ಲಿ ಸಹಾನುಭೂತಿಯ ಆಳ್ವಿಕೆ ಶುರುವಾಯಿತು. 'ದೇವರು ದೊಡ್ಡವನು' ರದ್ದಾಯಿತು, ಅದು ಒತ್ತಾಯವಂತೆ. ಅದರ ಬದಲು ಸೊಸೆ ಪ್ರತಿಯೊಬ್ಬರನ್ನೂ ಕೇಳಬೇಕು: "ನಿಮ್ಮ ದಿನ ಹೇಗಿತ್ತು?" ಮೊದಲ ಸಂಜೆ ಮೂಟೆ ಅಕ್ಕ ಆ ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿದು ಉತ್ತರ ಹೇಳತೊಡಗಿದಳು. ಬೆಳಿಗ್ಗೆ ಪಾರ್ಕಿನ ನಲ್ಲಿಯಿಂದ ಶುರುಮಾಡಿದಳು. ಮಧ್ಯಾಹ್ನಕ್ಕೆ ಬರುವ ಹೊತ್ತಿಗೆ ಸಾಲು ಓಣಿಯವರೆಗೆ ಬೆಳೆದಿತ್ತು, ಸೂಪಿನ ಮೇಲೆ ಕೆನೆಗಟ್ಟಿತ್ತು, ಸೊಸೆಯ ಕುತ್ತಿಗೆ ವಾಲಿದಲ್ಲೇ ಹಿಡಿದುಕೊಂಡಿತ್ತು. ಮುಂದಿನ ಸಭೆಯಲ್ಲಿ, ಪ್ರಶ್ನೆ ಇರಲಿ, ಉತ್ತರ ಬೇಡ ಎಂದು ಸರ್ವಾನುಮತದಿಂದ ಒಪ್ಪಲಾಯಿತು.

"ಸೂಪಿನ ರುಚಿ ಕೆಟ್ಟಿದೆ," ಅಂದ ಮಹಾರಾಜ ನನ್ನ ಬಳಿ ಬ್ರೆಡ್ಡು ತಗೊಳ್ಳುತ್ತ. "ಉಪ್ಪು ಇದೆ, ಬೈಗುಳ ಇಲ್ಲ."

ಒಂದು ಸಂಜೆ ಬ್ರೆಡ್ಡಿನ ಬುಟ್ಟಿ ಹೊತ್ತು ಮೆಟ್ಟಿಲು ಇಳಿಯುತ್ತಿದ್ದೆ. ಮೂಟೆ ಅಕ್ಕ ತನ್ನ ಮೂಟೆಗಳ ನಡುವೆ ಕೂತು, ಹೊಸದಾಗಿ ಬಂದ, ಇನ್ನೂ ಬೀದಿಯ ಬಣ್ಣ ಹತ್ತದ ಒಬ್ಬ ಮಧ್ಯವಯಸ್ಕನಿಗೆ ಏನೋ ಕಲಿಸುತ್ತಿದ್ದಳು. ಅವಳ ಕೈಯಲ್ಲಿ ಸೌಟಿನ ಬದಲು ಹಳೆಯ ಚಪ್ಪಲಿಯೊಂದಿತ್ತು.

"ಎಡಗೈಲಿ ಬಟ್ಟಲು. ಬಲಗೈದು ಎರಡೇ ಬೆರಳು, ಅಮ್ಮನ ಮಣಿಕಟ್ಟಿನ ಕೆಳಗೆ. ಹೀಗೆ. ಎತ್ತಬೇಡ, ಎತ್ತಿದ್ರೆ ಅವರಿಗೆ ಗೊತ್ತಾಗುತ್ತೆ. ತಡೆ, ಅಷ್ಟೇ. ಬೈತಾರೆ, ಬೈಸ್ಕೋ."

"ಯಾವ ಅಮ್ಮ? ಅಲ್ಲಿರೋದು ಆ ನಗೋ ಹೆಂಗಸು."

"ಅವಳಲ್ಲ. ಅಮ್ಮ ಬರ್ತಾರೆ."

"ಯಾವಾಗ?"

"ನನಗೇನು ಗೊತ್ತು? ಬರ್ತಾರೆ. ನೀನು ಕಲ್ತಿರು."

ಇದನ್ನು ನಾನು ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು.

"ಎತ್ತಬೇಡ, ತಡೆ ಅಂದಳಾ?"

"ಹೂಂ."

"ನನಗೆ ಗೊತ್ತು ಅಂತ ಅವಳಿಗೆ ಗೊತ್ತು. ಆದರೂ ಹಾಗೇ ಕಲಿಸ್ತಿದ್ದಾಳಾ?"

"ಹೂಂ."

"ಹುಚ್ಚು ಮುಂಡೇದು," ಅಂದಳು ದೊಡ್ಡಮ್ಮ. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಹಾಲಿನವನನ್ನು ತರಾಟೆಗೆ ತೆಗೆದುಕೊಳ್ಳುವ ಅದೇ ಧಾಟಿಯಲ್ಲಿ ಅಂದಳು: "ಕಳಿಸೋದು ಕಳಿಸ್ತೀಯ, ಸ್ವಲ್ಪ ಸ್ನಾನ ಮಾಡಿಸಿ ಕಳಿಸೋಕೆ ಏನು ಧಾಡಿ ನಿನಗೆ?"

ಮಾರನೆಯ ಸಂಜೆ ಅವಳು ಮಂದಿರದ ಮುಂಬಾಗಿಲಿನಿಂದ ಬರಲಿಲ್ಲ. ಓಣಿಯ ಮೆಟ್ಟಿಲಲ್ಲಿ, ಸಾಲಿನ ಜೊತೆ, ಮೂಟೆ ಅಕ್ಕನ ಒಂದು ಮೂಟೆಗೆ ಎಡವಿ ಬೈಯುತ್ತ ಇಳಿದಳು. ಸರದಿ ಬಂದಾಗ ಮೇಜಿನ ಮುಂದೆ ನಿಂತಳು. ಸೊಸೆ ಅಭ್ಯಾಸಬಲದಿಂದ, ಅವಳ ತಲೆಯ ಮೇಲೆ ಒಂದು ಗೇಣು ನೋಡಿ ನಕ್ಕಳು.

"ನಿಮ್ಮ ದಿನ ಹೇಗಿತ್ತು?"

"ಕೆಟ್ಟದಾಗಿತ್ತು. ಇಲ್ಲಿ ಕೊಡು ಸೌಟನ್ನ."

"ಅಮ್ಮಾ! ನೀವಾ... ಬೇಡ, ಚೆಲ್ಲುತ್ತೆ."

"ಚೆಲ್ಲಿದ್ರೆ ನಮ್ಮ ಮೇಲೆ ತಾನೇ? ಹಂಡೆ ಈ ಕಡೆ ತಳ್ಳಿ. ಅಧ್ಯಕ್ಷರೇ, ನೋಡ್ತಾ ನಿಂತ್ರೆ ಹಂಡೆ ನಡೆದು ಬರುತ್ತಾ? ಕೈ ಹಾಕಿ."

ಅಧ್ಯಕ್ಷರು ಕೈ ಹಾಕಿದರು. ಅವರಿಗೆ ಅಷ್ಟು ನೇರವಾಗಿ ಯಾರೂ ಕೆಲಸ ಹೇಳಿ ವರ್ಷಗಳಾಗಿದ್ದವು. ಹಂಡೆ ಹಸಿರು ವೃತ್ತವನ್ನು ದಾಟಿ, ಘನತೆಯ ಮೇಜಿನ ಅಗಲವನ್ನೆಲ್ಲ ಕೆರೆದುಕೊಂಡು, ಸಾಲಿನ ಬದಿಯ ಅಂಚಿಗೆ ಬಂದು ನಿಂತಿತು. ದೊಡ್ಡಮ್ಮ ಸೊಸೆಯಿಂದ ಸೌಟು ತೆಗೆದುಕೊಂಡು, ಸಾಲಿನ ಬದಿಯಲ್ಲೇ ನಿಂತು ಅದ್ದಿದಳು. ಕೈ ನಡುಗತೊಡಗಿತು. ಈ ಸಲ ಅವಳು ಹಲ್ಲು ಕಚ್ಚಲಿಲ್ಲ.

"ಏನು ನೋಡ್ತಿ? ಹಿಡಿ," ಅಂದಳು, ತನಗೆ ಜಾಗ ಬಿಟ್ಟು ಹಿಂದೆ ನಿಂತಿದ್ದ ಮಹಾರಾಜನಿಗೆ. "ಹಿಡೀದಿದ್ರೆ ಊಟ ನಿನ್ನ ಹೊಟ್ಟೆಗಲ್ಲ, ನಿನ್ನ ಪರದೆಗೆ."

ಮಹಾರಾಜ ಎರಡು ಬೆರಳು ಇಟ್ಟ. ಸೌಟು ನಿಂತಿತು. ಆದರೆ ಅವನು ಬಟ್ಟಲು ಒಡ್ಡಲಿಲ್ಲ.

"ಏನು ಮತ್ತೆ?"

"ನೀವು ಹೇಳಿಲ್ಲ."

"ಏನು ಹೇಳ್ಬೇಕು?"

"ನನಗೆ ಇಷ್ಟು ವರ್ಷ ಹೇಳಿಸಿದ್ದು. ಈಗ ಕೊಡೋನು ನಾನು, ಕೈಗೆ ಆಸರೆ. ಹೇಳಿ."

ನೆಲಮಾಳಿಗೆಯೆಲ್ಲ ಕಿವಿಯಾಯಿತು. ಉಪದೇಶಕರು ಛಾವಣಿಯಿಂದ ಕಣ್ಣು ಇಳಿಸಿದರು. ದೊಡ್ಡಮ್ಮ ಅವನ ಮುಖವನ್ನು ನೋಡಿದಳು, ಬೈಯಲು ನೋಡುವ ಹಾಗೆ, ಆದರೆ ಅದಕ್ಕಿಂತ ತುಸು ಹೆಚ್ಚು ಹೊತ್ತು.

"ದೇವರು ದೊಡ್ಡವನು," ಅಂದಳು. "ನಿನ್ನ ಬಾಯಿ ಅವನಿಗಿಂತ ದೊಡ್ಡದು. ಒಡ್ಡು ಬಟ್ಟಲು."

ಉಪಸಮಿತಿ ಆಮೇಲೆ ಸಭೆ ಸೇರಲಿಲ್ಲ. ಸೊಸೆ ಬ್ರೆಡ್ಡು ಕೊಯ್ಯುತ್ತಾಳೆ, ನಾನು ಪಾತ್ರೆ ತೊಳೆಯುತ್ತೇನೆ. ಮೇಜು ಇದ್ದಲ್ಲೇ ಇದೆ. ಅದರ ಆ ಕಡೆ ಸಮಿತಿ ನಿಲ್ಲುತ್ತದೆ, ಈ ಕಡೆ ದೊಡ್ಡಮ್ಮ ಬಡಿಸುತ್ತಾಳೆ.